ಸ್ಕೂಟರ್ ಮೇಲೆ ಕೂತು ನೋಡಿದ ಹೆಡ್‌ಲೈಟ್

ನರ್ಸರಿ ಗಿಡಗಳನ್ನು ಪಿಕಪ್‌ನಲ್ಲಿ ಮನೆಮನೆಗೆ ತಲುಪಿಸೋದು ನನ್ನ ಕೆಲಸ. ಒಂದು ದಿನ ನಸುಕಿನಲ್ಲಿ, ಅರೆಕೆರೆ ಹತ್ತಿರ ರಸ್ತೆ ಮಧ್ಯೆ ಮಲಗಿದ್ದ ಹಸು ಇನ್ನೇನು ಒಂದು ಮಾರು ದೂರ ಇದೆ ಅನ್ನುವಾಗ ಕಂಡಿತು. ಹೇಗೋ ನಿಲ್ಲಿಸಿದೆ. ನನ್ನ ಹೆಡ್‌ಲೈಟ್ ಅಷ್ಟು ಮಂಕಾಗಿತ್ತು. ಅವತ್ತೇ ಸಂಜೆ ಸಿದ್ದಾಪುರದಲ್ಲಿ ಗಾಡಿಗಳಿಗೆ ಲೈಟ್ ಹಾಕೋ ಅಂಗಡಿಗೆ ಹೋದೆ.

ಅಂಗಡಿ ನಡೆಸೋರು ಮುಮ್ತಾಜ್ ಆಂಟಿ.

"ಆಂಟಿ, ಗಾಡಿ ಸಖತ್ತಾಗಿ ಕಾಣ್ಬೇಕು. ಸುತ್ತ ಬೆಳ್ಳಗೆ ಹೊಳೆಯೋ ರಿಂಗ್ ಇರೋ ಎಲ್‌ಇಡಿ ಹಾಕಿ. ಬೆಳಕು ಆ ಬೀದಿ ತುದಿವರೆಗೂ ಹೋಗ್ಬೇಕು," ಅಂದೆ.

ಅವರು ಜೋಡಿಸಿದರು. ಆಮೇಲೆ ಗಾಡಿ ಎದುರಿಗಿದ್ದ ತಮ್ಮ ಸ್ಕೂಟರ್ ತೋರಿಸಿ, "ಹೋಗಿ ಅದರ ಮೇಲೆ ಕೂತ್ಕೊಳ್ಳಿ," ಅಂದರು. ಕೂತೆ. ಲೈಟ್ ಹಾಕಿದರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ.

"ಏನ್ ಕಾಣ್ತಾ ಇದೆ?"

"ಏನೂ ಇಲ್ಲ ಆಂಟಿ, ಆರಿಸಿ!"

"ದಿನಾ ನಾನು ಅದೇ ಸ್ಕೂಟರಲ್ಲಿ ಮನೆಗೆ ಹೋಗೋದು. ನಿಮ್ಮಂಥವರು ಎದುರಿಗೆ ಬಂದ್ರೆ ನನ್ನ ಗತಿನೂ ಇದೇ."

ನನಗೆ ನಾಚಿಕೆಯಾಯ್ತು, ಜೊತೆಗೆ ಜೋರಾಗಿ ನಗುವೂ ಬಂತು. ಆಂಟಿನೂ ನಕ್ಕರು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎದುರಿಂದ ಬರೋರ ಕಣ್ಣಿಗೆ ಹೊಡೆಯದೆ ಬೆಳಕು ಅದರ ಕೆಳಗೇ ಬೀಳೋ ಹಾಗೆ ಲೈಟಿನ ಸ್ಕ್ರೂ ತಿರುಗಿಸಿದರು. "ರಿಂಗ್ ಇರ್ಲಿ, ಚೆನ್ನಾಗಿದೆ," ಅಂತ ಅವರೇ ಹೇಳಿದಾಗ ನನ್ನ ಮುಖ ಅರಳಿತು.

ಮರುದಿನ ನಸುಕಿನಲ್ಲಿ ಹಾಡು ಗುನುಗ್ತಾ ಗಾಡಿ ಓಡಿಸಿದೆ. ರಸ್ತೆ ಅಂಗೈಯಷ್ಟು ಸ್ಪಷ್ಟ. ಈಗ ಒಂದೊಂದು ಗುಂಡಿಯೂ ದೂರದಿಂದಲೇ ಕಾಣುತ್ತೆ. ತಪ್ಪಿಸಿಕೊಂಡು ಹೋಗೋಣ ಅಂದ್ರೆ ಪಕ್ಕದಲ್ಲೂ ಗುಂಡಿನೇ ಇದೆ, ಅಷ್ಟೇ.