ಸುಲಭ ಎಂದು ನಾನು ಬರೆದ ಲೆಕ್ಕ

ಹುಮನಾಬಾದಿನ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಕೋಡಿಂಗ್ ಸ್ಪರ್ಧೆಗೆ ಮೂವರ ತಂಡ ಕಳಿಸಬೇಕಿತ್ತು, ಇಬ್ಬರು ಆಯ್ಕೆಯಾಗಿದ್ದರು. ಉಳಿದ ಒಂದು ಸ್ಥಾನಕ್ಕಾಗಿ ನಾನೇ ಒಂದು ಲೆಕ್ಕ ಕಟ್ಟಿ ಆನ್‌ಲೈನಿಗೆ ಹಾಕಿದೆ. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್‌ಗಳು ನಿಂತಿವೆ. ಒಂದೊಂದನ್ನು ಖಾಲಿ ಮಾಡಲು ಎಷ್ಟು ನಿಮಿಷ ಬೇಕೆಂದು ಕೊಟ್ಟಿದೆ. ಎಲ್ಲರೂ ಕಾಯುವ ಒಟ್ಟು ಸಮಯ ಅತಿ ಕಡಿಮೆಯಾಗುವಂತೆ ಅವನ್ನು ಒಳಗೆ ಬಿಡಬೇಕು. ಪ್ರೋಗ್ರಾಮ್ ಒಂದೇ ಸೆಕೆಂಡಿನಲ್ಲಿ ಉತ್ತರ ಕೊಡಬೇಕು. ಪಕ್ಕದಲ್ಲಿ ‘ಸುಲಭ’ ಎಂದು ಬರೆದೆ. ಬರೆಯುವಾಗ ಸ್ವಲ್ಪ ಜಂಬವೂ ಇತ್ತು.

ಬಸವಕಲ್ಯಾಣದಿಂದ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುವ ಗಣಿತದ ಮೇಡಂ ಅದನ್ನು ಮೊಬೈಲಿನಲ್ಲಿ ಓದಿ ನಕ್ಕರು.

“ಒಂದ ಸೆಕೆಂಡಾ? ನಿಮಗ ಹಾಜರಿ ಕರಿಲಾಕ ಅರ್ಧ ತಾಸ ಬೇಕಲ್ರಿ ಸರ್!”

“ಸಣ್ಣ ಟ್ರಾಲಿ ಮೊದಲ ಬಿಟ್ರ ಮುಗೀತ್ರಿ ಮೇಡಂ. ಇದರಾಗ ಏನ್ ಕಷ್ಟ ಅದ?”

“ಉತ್ತರ ಗೊತ್ತಿದ್ದವ್ರಿಗಿ ಎಲ್ಲಾ ಸುಲಭೇ ಇರ್ತದ,” ಎಂದು ಅವರು ಕಿಟಕಿಯತ್ತ ತಿರುಗಿದರು.

ಮಧ್ಯಾಹ್ನ ಲ್ಯಾಬಿನಲ್ಲಿ ಹುಡುಗರು ಕೂತರು. ಹೆಚ್ಚಿನವರು ಟ್ರ್ಯಾಕ್ಟರ್‌ಗಳನ್ನು ಎಷ್ಟು ಬಗೆಯಲ್ಲಿ ನಿಲ್ಲಿಸಬಹುದೋ ಅಷ್ಟನ್ನೂ ಪ್ರಯತ್ನಿಸಲು ಹೋಗಿ, ಸಮಯ ಮೀರಿತು ಎಂಬ ಕೆಂಪು ಅಕ್ಷರ ನೋಡುತ್ತ ಕೂತರು. ಒಂದು ಸೆಕೆಂಡು ಸಾಲದು ಎಂದು ತಕರಾರು ತೆಗೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಕಾಡಿಸಿದೆ.

ಮೋರಖಂಡಿಯಿಂದ ಬರುವ ಒಬ್ಬ ಹುಡುಗಿಯ ಪ್ರೋಗ್ರಾಮ್ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಆದರೆ ಉತ್ತರ ತಪ್ಪು. ತೆಗೆದು ನೋಡಿದರೆ, ಟ್ರ್ಯಾಕ್ಟರ್‌ಗಳನ್ನು ಬಂದ ಕ್ರಮದಲ್ಲೇ ಒಳಗೆ ಬಿಟ್ಟಿದ್ದಾಳೆ. ತರಗತಿಯಲ್ಲೇ ಚುರುಕಾದವಳು, ಅವಳೇ ತಂಡಕ್ಕೆ ಬರಲಿ ಎಂದು ನನಗೂ ಆಸೆಯಿತ್ತು. ಸಿಟ್ಟು ಬಂತು.

“ಯಾಕವ್ವಾ, ಸಣ್ಣ ಟ್ರಾಲಿ ಮೊದಲ ಬಿಟ್ರ ಕಾಯೂದು ಕಡಿಮಿ ಆಗ್ತದಂತ ತಿಳಿಲಿಲ್ಲೇನು?”

“ತಿಳದದರಿ ಸರ್. ಆದ್ರ ಹಂಗ ಬಿಟ್ರ ಗೇಟಿನ್ಯಾಗ ಬಡದಾಟ ಆಗ್ತದರಿ. ಯಾರ ಪಾಳಿ ಅವರಿಗಿ.”

“ಇದು ಗೇಟ್ ಅಲ್ಲ, ಲೆಕ್ಕ.”

“ಟ್ರ್ಯಾಕ್ಟರ್ ತಂದು ನಿಂದರಿಸಿದವ್ರು ನೀವೇ ಅಲ್ರಿ ಸರ್!”

ಇಡೀ ಲ್ಯಾಬ್ ನಕ್ಕಿತು. ನಾನೂ ನಕ್ಕೆ. ಅವಳು ಮಾತ್ರ ಪರದೆ ನೋಡುತ್ತಲೇ ಹೇಳಿದಳು: “ನಮ್ಮಪ್ಪಂದು ಜೋಡಿ ಟ್ರಾಲಿರಿ, ಖಾಲಿ ಮಾಡ್ಲಾಕ ಭಾಳ ಹೊತ್ತ ಬೇಕು. ನಿನ್ನಿ ಮುಂಜಾನಿಂದ ಪಾಳ್ಯಾಗ ನಿಂತಾನ. ನಿಮ್ಮ ಲೆಕ್ಕದಾಗ ಅಂವ ಯಾವತ್ತೂ ಕಡೀಕೇರಿ.”

ಕಾರ್ಖಾನೆಯ ಮುಂದಿನ ಆ ಟ್ರ್ಯಾಕ್ಟರ್ ಸಾಲನ್ನು ದಿನಾ ಬಸ್ಸಿನಿಂದ ನೋಡುತ್ತೇನೆ. ಅದರಲ್ಲಿ ಕಾಯುತ್ತ ಕೂತವರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? “ಇನ್ನ ಹತ್ತ ನಿಮಿಷ ಅದ ನೋಡವ್ವಾ,” ಎಂದಷ್ಟೇ ಹೇಳಿದೆ.

ಅವಳು ಟ್ರ್ಯಾಕ್ಟರ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಒಂದೇ ಒಂದು ಸಾಲು ಕೋಡ್ ಸೇರಿಸಿ ಗುಂಡಿ ಒತ್ತಿದಳು. ಉತ್ತರ ಸರಿ ಎಂಬ ಹಸಿರು ಅಕ್ಷರ ಬಂತು. ಮೂರನೆಯ ಸ್ಥಾನ ಅವಳದಾಯಿತು.

ಎಲ್ಲರೂ ಹೊರಟ ಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ದನಿ ತಗ್ಗಿಸಿದಳು.

“ತಂಡದಾಗ ನನ್ನ ತಗೊಂಡೀರಂತ ಅಪ್ಪಗ ಹೇಳ್ರಿ ಸರ್. ಹ್ಯಾಂಗ ತಗೊಂಡ್ರಿ ಅಂತ ಹೇಳಬ್ಯಾಡ್ರಿ.”