ದೆವ್ವದ ಸಿನಿಮಾದಲ್ಲಿ ಯಜಮಾನರ ಕೂಗು

ಪರದೆಯ ಮೇಲೆ ದೆವ್ವ ಬಾವಿಯಿಂದ ಎದ್ದು ಬಂದದ್ದೇ ತಡ, ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಕಿಟಾರನೆ ಕಿರುಚಿಕೊಂಡರು. ಅವರ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಮೂರೇ ತಿಂಗಳಾಗಿತ್ತು. ಕಾಮಿಡಿ ಸಿನಿಮಾವಂತೆ, ಮನಸ್ಸು ಹಗುರಾಗಲಿ ಎಂದು ಸಾಗರದ ಟಾಕೀಸಿಗೆ ಮ್ಯಾಟಿನಿಗೆ ಕರೆತಂದವಳು ನಾನೇ.

ಸುತ್ತಲಿನವರೆಲ್ಲ ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ? ಬಿಳಿ ಸೀರೆಯ ದೆವ್ವದ ಕೈಯಲ್ಲಿ ವಾಚಿತ್ತು. ಹಾಸ್ಯದ ಮಾತುಗಳಿಗೆ ಮಾತ್ರ ಯಾರೂ ನಕ್ಕಿರಲಿಲ್ಲ. ದೆವ್ವ ಮತ್ತೆ ಬಂತು, ಇವರು ಇನ್ನೂ ಜೋರಾಗಿ ಕೂಗಿದರು. ನಾನು ಬ್ಯಾಗಿನಲ್ಲಿ ನಾಲಿಗೆಯಡಿ ಇಡುವ ಮಾತ್ರೆ ತಡಕಾಡುತ್ತ, "ಏಳ್ರೀ, ಹೋಗಣ" ಎಂದು ತೋಳು ಹಿಡಿದೆ.

ಅವರು ಏಳಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ಕೂತ್ಕೊ ಮಾರಾಯ್ತಿ. ಆಸ್ಪತ್ರೆಯಿಂದ ಬಂದಾಗಿಂದ ದಿನಾ ಹೆದರಿಕೆ ಆಗ್ತಿದೆ. ಮನೇಲಿ ಕೂಗಿದ್ರೆ ನೀನು ಗಾಬರಿ ಬೀಳ್ತೀಯ. ಇಲ್ಲಿ ಕೂಗಿದ್ರೆ ಯಾಕೆ ಅಂತ ಯಾರೂ ಕೇಳಲ್ಲ" ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ತಮಗೆ ಹೆದರಿಕೆ ಎಂದು ಅವರು ಹೇಳಿದ್ದು ಅದೇ ಮೊದಲು. ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತೆ. ಮುಂದಿನ ಸಲ ದೆವ್ವ ಬಂದಾಗ ನಾನೂ ಕೂಗಿದೆ. ಅಷ್ಟು ಜೋರಾಗಿ ಕೂಗುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆ ಸಿನಿಮಾ ನೋಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಈಗ ಊಟದ ನಡುವೆ ಅವರು ಸುಮ್ಮನಾದರೆ, "ಹೆದರಿಕೆ ಆಗ್ತಿದ್ಯಾ?" ಎಂದು ಕೇಳುತ್ತೇನೆ. "ಹೂಂ" ಎನ್ನುತ್ತಾರೆ. "ನಂಗೂ" ಎನ್ನುತ್ತೇನೆ. ಆಮೇಲೆ ಇಬ್ಬರೂ ಊಟ ಮುಗಿಸುತ್ತೇವೆ.