ಇಲಿಗಳು ಬಿಟ್ಟ ಮೇವು

ಬಾಗಲಕೋಟೆಯ ಒಂದು ಫಾರ್ಮಸಿ ಕಾಲೇಜಿನ ಹಿಂದೆ, ಬೇವಿನ ಮರಗಳಾಚೆ, ತಗಡಿನ ಬಾಗಿಲಿನ ಉದ್ದನೆಯ ಕಟ್ಟಡವೊಂದಿದೆ. ಕಾಗದಪತ್ರಗಳಲ್ಲಿ ಅದರ ಹೆಸರು ಪ್ರಾಣಿಗೃಹ. ಕಾಲೇಜಿನವರ ಬಾಯಲ್ಲಿ ಮಾತ್ರ ಅದು ಇಲಿಮನೆ. ಔಷಧಿಗಳ ಪರೀಕ್ಷೆಗೆಂದು ಸಾಕಿದ ಬಿಳಿ ಇಲಿಗಳು ಅಲ್ಲಿರುತ್ತವೆ. ಅವುಗಳಿಗೆ ಮೇವು ಹಾಕುವುದು, ನೀರಿಡುವುದು, ಪಂಜರಕ್ಕೆ ಹಾಸಿದ ಹೊಟ್ಟು ಬದಲಿಸುವುದು, ಹೊಸ ವಿದ್ಯಾರ್ಥಿಗಳಿಗೆ ಇಲಿ ಹಿಡಿಯುವುದನ್ನು ಕಲಿಸುವುದು, ಇವೆಲ್ಲ ಇಪ್ಪತ್ತೊಂಬತ್ತು ವರ್ಷಗಳಿಂದ ದಸ್ತಗೀರಸಾಬನ ಕೆಲಸ.

ದಸ್ತಗೀರಸಾಬ ಇಳಕಲ್ಲಿನವನು. ಮೂವತ್ತರ ವಯಸ್ಸಿನವರೆಗೂ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವನು. ಒಂದು ದಿನ ಸೈಕಲ್ಲಿನಿಂದ ಬಿದ್ದು ಮೊಣಕಾಲು ಮುರಿಯಿತು. ಮೂಳೆ ಕೂಡಿತಾದರೂ ಮಗ್ಗದ ಪಾವಟಿಗೆ ತುಳಿಯುವ ಬಲ ಮರಳಲಿಲ್ಲ. ಪರಿಚಯದವರೊಬ್ಬರು ಆರು ತಿಂಗಳ ಮಟ್ಟಿಗೆಂದು ಈ ಕೆಲಸಕ್ಕೆ ಸೇರಿಸಿದರು. ಮೊದಲ ದಿನ ಇಲಿಗಳ ವಾಸನೆ ತಾಳದೆ ಬೇವಿನ ಕೆಳಗೆ ಹೋಗಿ ಕೂತಿದ್ದನಂತೆ. ಆಮೇಲೆ ಅವನೇ ಬದಲಾದ. ಇಲಿಗಳು ಬೆದರುತ್ತವೆಂದು ಕೆಲಸದ ದಿನಗಳಲ್ಲಿ ಅತ್ತರು ಹಚ್ಚುವುದನ್ನು ಬಿಟ್ಟ. ಬಾಗಿಲು ತೆರೆಯುವ ಮುನ್ನ ಒಂದೆರಡು ಮಾತಾಡಿ, ತಾನು ಬಂದೆನೆಂದು ಅವಕ್ಕೆ ತಿಳಿಸಿ ಒಳಗೆ ಕಾಲಿಡುತ್ತಿದ್ದ. ಬಾಲ ಹಿಡಿದು ಎತ್ತುವ ವಿದ್ಯಾರ್ಥಿಗಳನ್ನು ಗದರಿಸದೆ, ಅವರ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಇಲಿಯ ಎದೆಗೂಡನ್ನು ಹೇಗೆ ಮೆತ್ತಗೆ ಸುತ್ತಿ ಹಿಡಿಯಬೇಕೆಂದು ತೋರಿಸುತ್ತಿದ್ದ. ಪರೀಕ್ಷೆ ಮುಗಿದ ಇಲಿಗಳನ್ನು ಉಳಿಸಿಕೊಳ್ಳುವುದಿಲ್ಲ. ಆ ದಿನ ಖಾಲಿಯಾದ ಪಂಜರಗಳನ್ನು ಅವನು ತಾನೊಬ್ಬನೇ ತೊಳೆದಿಡುತ್ತಿದ್ದ.

ವಾರದ ದಿನಗಳಲ್ಲಿ ಬಾಗಲಕೋಟೆಯಲ್ಲಿ ಒಂದು ಖೋಲಿ ಹಿಡಿದು ಇರುತ್ತಿದ್ದ. ಶನಿವಾರ ಮಧ್ಯಾಹ್ನ ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿ ಇಳಕಲ್ಲಿಗೆ, ಹೆಂಡತಿ ಜುಲೇಖಾಳ ಬಳಿಗೆ ಹೋಗುತ್ತಿದ್ದ. ಸೀರೆಯ ಒಡಲಿಗೂ ಸೆರಗಿಗೂ ಎಳೆಎಳೆಯಾಗಿ ಗಂಟು ಬೆಸೆಯುವ ಕೊಂಡಿ ಹಾಕುವುದರಲ್ಲಿ ಜುಲೇಖಾಳದು ಓಣಿಗೇ ಹೆಸರಾದ ಕೈ. ಆರು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಎರಡು ಹೊತ್ತು ಗುಳಿಗೆ ನುಂಗುತ್ತಿದ್ದಳು, ಬೇಸರಪಟ್ಟುಕೊಂಡೇ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬಾದಾಮಿಯ ಶುಭದಾ ಪಿಎಚ್.ಡಿ.ಗೆಂದು ಆರಿಸಿಕೊಂಡದ್ದು ಹಕ್ಕರಕಿ ಸೊಪ್ಪನ್ನು. ಎರೆಹೊಲದಲ್ಲಿ ತಾನಾಗಿ ಬೆಳೆಯುವ, ಈ ಕಡೆಯ ಮನೆಮನೆಯಲ್ಲೂ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು. ಅದು ಸಕ್ಕರೆ ಇಳಿಸುತ್ತದೆ ಎಂದು ಅವಳ ತಾಯಿ ರುಕ್ಮಿಣೀಬಾಯಿಗೆ ಬಾದಾಮಿಯಲ್ಲಿ ಹತ್ತು ಜನ ಹೇಳಿದ್ದರು. ಹೇಳುವವರು ಇಷ್ಟು ಮಂದಿ ಇದ್ದಾರೆ, ತೂಗಿ ಅಳೆದು ನೋಡಿದವರು ಒಬ್ಬರೂ ಕಾಣಲಿಲ್ಲ ಎನ್ನುವುದೇ ಶುಭದಾಳನ್ನು ಈ ಕೆಲಸಕ್ಕೆ ಹಚ್ಚಿತ್ತು. ಒಂದೇ ಕಡೆಯ ಸೊಪ್ಪು ಮೂಟೆಗಟ್ಟಲೆ ಬೇಕು, ಎಲ್ಲಿ ಸಿಕ್ಕೀತು ಎಂದು ಅವಳು ಕೇಳಿದಾಗ ದಸ್ತಗೀರಸಾಬನೇ ಸಂತೆಗೆ ಹೋಗಿ, ಅಲ್ಲಿ ಸೊಪ್ಪು ಮಾರುವ ಬೇವೂರಿನ ಗುರುಲಿಂಗವ್ವನನ್ನು ಗೊತ್ತುಮಾಡಿದ. ಆ ಚಳಿಗಾಲವೆಲ್ಲ ಗುರುಲಿಂಗವ್ವ ಬೆಳಗಿನ ಬಸ್ಸಿಗೆ ಸೊಪ್ಪಿನ ಗಂಟು ತಂದುಕೊಟ್ಟಳು. ಅದನ್ನು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಸಾರ ತೆಗೆದದ್ದಾಯಿತು.

ಪರೀಕ್ಷೆಗೆ ಇಲಿಗಳನ್ನು ಆರಾರರಂತೆ ಐದು ಗುಂಪು ಮಾಡಿದರು. ಒಂದು ಗುಂಪು ಗಟ್ಟಿಮುಟ್ಟಾದದ್ದು. ಉಳಿದ ನಾಲ್ಕಕ್ಕೂ ಔಷಧಿ ಚುಚ್ಚಿ ಸಕ್ಕರೆ ಕಾಯಿಲೆ ಬರಿಸಿದ್ದು. ಅವುಗಳಲ್ಲಿ ಒಂದಕ್ಕೆ ಏನೂ ಕೊಡುವಂತಿಲ್ಲ, ಇನ್ನೊಂದಕ್ಕೆ ದವಾಖಾನೆಯಲ್ಲಿ ಕೊಡುವ ಗುಳಿಗೆ, ಮತ್ತೆರಡಕ್ಕೆ ಹಕ್ಕರಕಿಯ ಸಾರ, ಒಂದಕ್ಕೆ ಕಡಿಮೆ, ಒಂದಕ್ಕೆ ಹೆಚ್ಚು. ಇಪ್ಪತ್ತೆಂಟು ದಿನ ಪ್ರತಿದಿನ ಬೆಳಿಗ್ಗೆ ಸಣ್ಣ ನಳಿಕೆಯಿಂದ ಸಾರವನ್ನು ಹೊಟ್ಟೆಗೆ ಇಳಿಸುವುದು, ವಾರಕ್ಕೊಮ್ಮೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವುದು.

ಕೊನೆಯ ದಿನದ ಲೆಕ್ಕ ನೋಡಿ ಶುಭದಾಳಿಗೇ ನಂಬಿಕೆ ಬರಲಿಲ್ಲ. ಮುನ್ನೂರರ ಮೇಲಿದ್ದ ಸಕ್ಕರೆ, ಹೆಚ್ಚು ಸಾರ ಕುಡಿದ ಇಲಿಗಳಲ್ಲಿ ನೂರಾ ನಲವತ್ತಕ್ಕೆ ಬಂದಿತ್ತು. ಗುಳಿಗೆ ತಿಂದ ಇಲಿಗಳಿಗಿಂತಲೂ ಕಡಿಮೆ. ಮತ್ತೊಮ್ಮೆ ಅಳೆದಳು, ಅಷ್ಟೇ ಬಂತು. ಅವಳ ಮಾರ್ಗದರ್ಶಕರು ದೊಡ್ಡ ಸಮ್ಮೇಳನಕ್ಕೆ ಪ್ರಬಂಧ ಕಳಿಸಲು ಹೇಳಿದರು. ಕಾಲೇಜಿನಲ್ಲಿ ಪೇಢೆ ಹಂಚಿದರು. ಇಲಿಮನೆಗೆ ಬಂದು ಮೊದಲ ಪೇಢೆಯನ್ನು ಶುಭದಾ ದಸ್ತಗೀರಸಾಬನ ಕೈಗಿಟ್ಟಳು.

ಆ ಶನಿವಾರ ಇಳಕಲ್ಲಿನ ಮನೆಯಲ್ಲಿ ಅವನು ಬೇರೆ ಮಾತನ್ನೇ ಆಡಲಿಲ್ಲ. ನಮ್ಮ ಇಲಿಗಳ ಸಕ್ಕರೆ ಅರ್ಧಕ್ಕೂ ಕೆಳಗೆ ಇಳಿದಿದೆ, ಅದೂ ಬರೇ ಹಕ್ಕರಕಿಯಿಂದ, ಗುಳಿಗೆಯನ್ನೂ ಮೀರಿಸಿದೆ ಎಂದು ಹೇಳಿದ್ದೇ ಹೇಳಿದ. ಜುಲೇಖಾ ಕೊಂಡಿ ಹಾಕುತ್ತ ಕೇಳುತ್ತಿದ್ದಳು.

ಮೂರು ವಾರ ಕಳೆದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯ ಶಿವಬಸವ್ವನ ಫೋನು ಬಂತು. ಜುಲೇಖಾ ನೀರು ತುಂಬುವಾಗ ತಲೆ ತಿರುಗಿ ಬಿದ್ದಿದ್ದಾಳೆ, ದವಾಖಾನೆಗೆ ಹಾಕಿದ್ದೇವೆ, ತಡಮಾಡದೆ ಬಾ ಎಂದಳು. ದಸ್ತಗೀರಸಾಬ ಹೋಗಿ ಮುಟ್ಟುವಷ್ಟರಲ್ಲಿ ಸಲಾಯಿನ್ ಹಚ್ಚಿದ್ದರು. ಸಕ್ಕರೆ ನಾಲ್ಕುನೂರಾ ಎಪ್ಪತ್ತು. ಗುಳಿಗೆ ಸರಿಯಾಗಿ ತಗೊಳ್ಳುತ್ತಿದ್ದರೇನು ಎಂದು ಡಾಕ್ಟರು ಅವನನ್ನು ಕೇಳಿದರು. ಹೂಂ ಅಂದ. ಸಂಜೆ ಕಣ್ಣು ತೆರೆದ ಜುಲೇಖಾಳೇ ಖರೆ ಹೇಳಿದಳು. ಅವಳು ಗುಳಿಗೆ ಬಿಟ್ಟು ಹತ್ತೊಂಬತ್ತು ದಿನವಾಗಿತ್ತು. ದಿನಾ ಬೆಳಿಗ್ಗೆ ಹಕ್ಕರಕಿ ಅರೆದು ಒಂದು ಲೋಟ ರಸ ಕುಡಿಯುತ್ತಿದ್ದಳು.

"ಯಾರು ಹೇಳಿದ್ರು ನಿನಗ ಗುಳಿಗಿ ಬಿಡಂತ?" ಎಂದು ದಸ್ತಗೀರಸಾಬ ಕೇಳಿದ.

"ನೀವಽ ಹೇಳಿದ್ರಲ್ಲ," ಎಂದಳು ಜುಲೇಖಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಮೂರು ದಿನ ಅವಳ ಮಂಚದ ಪಕ್ಕದಲ್ಲಿ ಕೂತ. ಎರಡನೆಯ ದಿನ ಸಕ್ಕರೆ ಹತೋಟಿಗೆ ಬರುತ್ತ ಬಂದಂತೆ ಅವಳಿಗೆ ಹಸಿವು ಶುರುವಾಯಿತು. ಶಿವಬಸವ್ವ ತಂದ ಗಂಜಿಯನ್ನು ಪೂರಾ ಕುಡಿದಳು. ಬಟ್ಟಲು ಖಾಲಿಯಾದದ್ದನ್ನು ನೋಡುತ್ತಿದ್ದ ದಸ್ತಗೀರಸಾಬನಿಗೆ ಇಲಿಮನೆಯ ಪಂಜರಗಳು ಕಣ್ಣಿಗೆ ಕಟ್ಟಿದವು. ಸಕ್ಕರೆ ಕಾಯಿಲೆಯ ಇಲಿ ಸುಮ್ಮನಿರುವ ಪ್ರಾಣಿಯಲ್ಲ. ಎಷ್ಟು ಮೇವು ಹಾಕಿದರೂ ಸಾಲದು, ಎಷ್ಟು ನೀರಿಟ್ಟರೂ ಸಾಲದು, ಉಚ್ಚೆ ಹೊಯ್ದು ಹೊಟ್ಟನ್ನೆಲ್ಲ ತೋಯಿಸಿಬಿಡುತ್ತದೆ. ಆದರೆ ಹೆಚ್ಚು ಸಾರ ಕುಡಿಯುತ್ತಿದ್ದ ಆ ಆರು ಇಲಿಗಳ ಮುಂದೆ ಮೇವು ಹಾಗೇ ಉಳಿಯುತ್ತಿತ್ತು. ದಿನಾ ಬೆಳಿಗ್ಗೆ ತಾನೇ ಅದನ್ನು ಗುಡಿಸಿ ಹೊರಗೆ ಹಾಕಿದ್ದ. ಸಾರದ ಕಹಿಗೆ ಬಾಯಿ ಕೆಟ್ಟಿರಬೇಕು ಎಂದುಕೊಂಡಿದ್ದ. ಹೊಟ್ಟು ಒಣಗಿಯೇ ಇದ್ದುದರಿಂದ ಕೆಲಸ ಕಡಿಮೆಯಾಯಿತೆಂದು ಹಿಗ್ಗಿದ್ದೂ ಉಂಟು. ಉಪವಾಸ ಕೆಡವಿದ ಇಲಿಯ ಸಕ್ಕರೆ ಇಳಿಯುತ್ತದೆ ಎಂಬುದು ಇಪ್ಪತ್ತೈದು ವರ್ಷ ನೋಡಿದ ಅವನಿಗೆ ಹೊಸದಲ್ಲ. ಹಾಗಾದರೆ ಸಕ್ಕರೆ ಇಳಿಸಿದ್ದು ಸೊಪ್ಪೋ, ಹಸಿವೋ?

ಬಾಗಲಕೋಟೆಗೆ ಮರಳುವ ಬಸ್ಸಿನಲ್ಲಿ, ಹೇಳದೆ ಇದ್ದರೂ ಆಗುತ್ತದೆ ಎಂದು ಅವನ ಮನಸ್ಸು ನೂರು ನೆಪ ಹುಡುಕಿತು. ಓದಿದವರ ಪರೀಕ್ಷೆ, ಓದಿದವರ ಲೆಕ್ಕ. ಹೇಳಿದರೆ ಶುಭದಾ ಮೇಡಮ್ಮರ ಎರಡು ವರ್ಷದ ದುಡಿಮೆಯ ಮೇಲೆ ನೀರು. ನೀ ನೋಡಿಯೂ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳಿ ಕೆಲಸದಿಂದ ತೆಗೆದರೂ ತೆಗೆದಾರು. ಹುನಗುಂದ ದಾಟುವವರೆಗೂ ಸುಮ್ಮನಿರುವುದೆಂದೇ ನಿಶ್ಚಯಿಸಿದ್ದ. ಆದರೆ ಆ ಪ್ರಬಂಧ ಹೊರಬಿದ್ದರೆ ಅದನ್ನು ಯಾರೋ ಓದುತ್ತಾರೆ, ಮನೆಗೆ ಹೋಗಿ ಹೆಂಡತಿಗೋ ತಾಯಿಗೋ ಹೇಳುತ್ತಾರೆ, ಅವರೂ ಗುಳಿಗೆ ಬಿಡುತ್ತಾರೆ. ಬಸ್ಸಿಳಿಯುವ ಹೊತ್ತಿಗೆ ಅವನ ಮನಸ್ಸು ಗಟ್ಟಿಯಾಗಿತ್ತು.

ಬರೀ ಬಾಯಿಮಾತಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು. ಇನ್ನೊಂದು ಸಣ್ಣ ಪರೀಕ್ಷೆಗೆಂದು ಅದೇ ಸಾರವನ್ನು ಅಷ್ಟೇ ಹೆಚ್ಚು ಕುಡಿಯುತ್ತಿದ್ದ ಇಲಿಗಳು ಆಗಿನ್ನೂ ಇದ್ದವು. ನಾಲ್ಕು ದಿನ ಮೇವು ಹಾಕುವ ಮೊದಲೂ ತೂಗಿದ, ಉಳಿದದ್ದನ್ನೂ ತೂಗಿದ. ಸಾರ ಕುಡಿಯದ ಕಾಯಿಲೆಯ ಇಲಿಗಳು ಒಂದು ತುಂಡನ್ನೂ ಬಿಟ್ಟಿರಲಿಲ್ಲ. ಸಾರ ಕುಡಿದವು ಅರ್ಧದಷ್ಟನ್ನು ಮುಟ್ಟಿಯೇ ಇರಲಿಲ್ಲ. ನಾಲ್ಕೂ ದಿನ ಉಳಿದ ಮೇವನ್ನು ಬೇರೆಬೇರೆ ಪೊಟ್ಟಣ ಕಟ್ಟಿ, ಮೇಲೆ ಗುಂಪು, ತೂಕ, ತಾರೀಖು ಬರೆದು ಶುಭದಾಳ ಮೇಜಿನ ಮೇಲೆ ಇಟ್ಟ.

ಶುಭದಾ ಒಂದೊಂದೇ ಪೊಟ್ಟಣ ಬಿಚ್ಚಿ ನೋಡಿದಳು. ತಾರೀಖಿನ ಪ್ರಕಾರ ಸಾಲಾಗಿ ಇಟ್ಟಳು.

"ಮೊದಲನೇ ಸಲಾನೂ ಹಿಂಗಽ ಉಳೀತಿತ್ತೇನು?"

"ಹೌದ್ರಿ."

"ಆವಾಗ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ. ಕೇಳಲಿಲ್ಲಂತ ನಾನೂ ಹೇಳಲಿಲ್ಲ. ಅದು ನನ್ನ ತಪ್ಪು," ಎಂದ ದಸ್ತಗೀರಸಾಬ. ಆಮೇಲೆ ಜುಲೇಖಾಳ ವಿಷಯ ಹೇಳಿದ.

ಶುಭದಾಳ ಮುಖ ಕೆಂಪಾಯಿತು. ನೀವಿನ್ನು ಹೋಗಬಹುದು ಎಂದಷ್ಟೇ ಹೇಳಿದಳು. ಮರುದಿನ ಅವಳು ಕಾಲೇಜಿಗೆ ಬರಲಿಲ್ಲ. ಕೆಲಸ ಹೋದರೂ ಹೋಯಿತು ಎಂದುಕೊಂಡು ದಸ್ತಗೀರಸಾಬ ಖೋಲಿಯಲ್ಲಿದ್ದ ಸಾಮಾನುಗಳನ್ನು ಮನಸ್ಸಿನಲ್ಲೇ ಕಟ್ಟಿದ. ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಶುಭದಾ ತಕ್ಕಡಿ ಹಿಡಿದುಕೊಂಡು ಇಲಿಮನೆಗೆ ಬಂದಳು. ಸ್ಟೂಲು ಎಳೆದುಕೊಂಡು ಪಂಜರಗಳ ಮುಂದೆ ಕೂತಳು. ಒಂದು ವಾರ ತಾನೇ ತೂಗಿದಳು. ಅದೇ ಲೆಕ್ಕ ಬಂತು. ಎಂಟನೆಯ ದಿನ ಸಮ್ಮೇಳನದವರಿಗೆ ಪತ್ರ ಬರೆದು ಪ್ರಬಂಧ ಹಿಂತೆಗೆದುಕೊಂಡಳು. ಮಾರ್ಗದರ್ಶಕರು ಸಮಾಧಾನ ಹೇಳಿದರು, ಇಷ್ಟೊಂದು ಯಾರು ನೋಡುತ್ತಾರೆ ಎಂದೂ ಹೇಳಿದರು. ನಮ್ಮ ಸಾಬರು ನೋಡ್ಯಾರ ಎಂದು ಅವಳು ಉತ್ತರ ಕೊಟ್ಟಳಂತೆ. ಅದು ದಸ್ತಗೀರಸಾಬನ ಕಿವಿಗೆ ಬಿದ್ದದ್ದು ಬಹಳ ದಿನಗಳ ಮೇಲೆ.

ಮತ್ತೆ ಪರೀಕ್ಷೆ ಮಾಡಬೇಕೆಂದರೆ ಪ್ರಾಣಿಪ್ರಯೋಗಗಳನ್ನು ಪರಿಶೀಲಿಸುವ ಸಮಿತಿಯ ಅನುಮತಿ ಬೇಕು. ಅದಕ್ಕೇ ಎರಡು ತಿಂಗಳು ಹಿಡಿಯಿತು. ಈ ಸಲ ಆರನೆಯ ಗುಂಪೊಂದು ಸೇರಿತು. ಇದೂ ಕಾಯಿಲೆಯ ಗುಂಪೇ, ಸಾರ ಕೊಡುವಂತಿಲ್ಲ. ಆದರೆ ಹೆಚ್ಚು ಸಾರ ಕುಡಿದ ಇಲಿಗಳು ನಿನ್ನೆ ಎಷ್ಟು ತಿಂದಿವೆಯೋ ಇವಕ್ಕೆ ಇಂದು ಅಷ್ಟೇ ಮೇವು. ಇವುಗಳ ಸಕ್ಕರೆ ಎಷ್ಟು ಇಳಿಯುತ್ತದೋ ಅದು ಹಸಿವಿನದು. ಸಾರ ಕುಡಿದವುಗಳಲ್ಲಿ ಅದರ ಕೆಳಗೆ ಇಳಿದದ್ದು ಮಾತ್ರ ಸೊಪ್ಪಿನದು.

ಒಂದು ದಿನ ತೂಕ ತಪ್ಪಿದರೂ ಇಡೀ ಪರೀಕ್ಷೆ ಹಾಳು. ಆ ಭಾರವೆಲ್ಲ ದಸ್ತಗೀರಸಾಬನ ಮೇಲೆ ಬಿತ್ತು. ಇಪ್ಪತ್ತೆಂಟು ದಿನದಲ್ಲಿ ಅವನು ಒಂದು ರಜೆಯನ್ನೂ ಹಾಕಲಿಲ್ಲ. ನಡುವೆ ಬಕ್ರೀದ್ ಬಂದಾಗ ಊರಿಗೆ ಹೋಗದೆ, ಮೇವು ತೂಗಿಟ್ಟು ಬಾಗಲಕೋಟೆಯಲ್ಲೇ ನಮಾಜಿಗೆ ಹೋಗಿ ಬಂದ. ಜುಲೇಖಾಳನ್ನು ಆ ತಿಂಗಳು ತನ್ನ ಖೋಲಿಗೇ ಕರೆತಂದಿದ್ದ. ಬೆಳಿಗ್ಗೆ ಅವಳ ಕೈಯಲ್ಲಿ ಗುಳಿಗೆ ಇಟ್ಟು, ಅವಳು ನುಂಗಿದ್ದನ್ನು ಕಣ್ಣಾರೆ ನೋಡಿಯೇ ಕೆಲಸಕ್ಕೆ ಹೊರಡುತ್ತಿದ್ದ. ನಾನೂ ನಿಮ್ಮ ಇಲಿಗಳ ಸಾಲಿಗೆ ಸೇರಿದೆ ಎಂದು ಅವಳು ನಗುತ್ತಿದ್ದಳು.

ಕೊನೆಗೆ ಬಂದ ಫಲ ಇದು: ಹೆಚ್ಚು ಸಾರ ಕುಡಿದ ಇಲಿಗಳಲ್ಲಿ ಇಳಿದ ಸಕ್ಕರೆಯ ಮುಕ್ಕಾಲು ಪಾಲು ಹಸಿವಿನದು. ಕಡಿಮೆ ಸಾರ ಕುಡಿದ ಇಲಿಗಳು ಮಾತ್ರ ಹೊಟ್ಟೆತುಂಬ ತಿಂದಿದ್ದವು. ಅವುಗಳ ಸಕ್ಕರೆ ಮುನ್ನೂರಾ ಹತ್ತರಿಂದ ಇನ್ನೂರಾ ಅರವತ್ತಕ್ಕೆ ಬಂದಿತ್ತು. ಪೇಢೆ ಹಂಚುವಂಥ ಸುದ್ದಿಯಲ್ಲ. ಆದರೂ ಆ ಐವತ್ತು ನಿಜವಾಗಿಯೂ ಹಕ್ಕರಕಿಯದೇ ಎಂದು ಎದೆ ತಟ್ಟಿ ಹೇಳಬಹುದಾಗಿತ್ತು. ಶುಭದಾ ಮೊದಲ ಪರೀಕ್ಷೆಯನ್ನೂ, ಅದರಲ್ಲಾದ ತಪ್ಪನ್ನೂ, ಅದು ಗೊತ್ತಾದ ಬಗೆಯನ್ನೂ ಮುಚ್ಚಿಡದೆ ಬರೆದಳು.

ಒಂದೂವರೆ ವರ್ಷ ತಡವಾಗಿ ಅವಳ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದ ಹಿರಿಯ ಪರೀಕ್ಷಕರೊಬ್ಬರು ಆ ಆರನೆಯ ಗುಂಪಿನ ಪುಟದಲ್ಲಿ ಬೆರಳಿಟ್ಟು, ಇಲ್ಲಿ ಬರೆದಿರುವ ದಸ್ತಗೀರಸಾಬ ಯಾವ ವಿಭಾಗದವರು, ಅವರನ್ನು ಕಾಣಬಹುದೇ ಎಂದರು. ಕರೆ ಬಂದಾಗ ಅವನು ಪಂಜರ ತೊಳೆಯುತ್ತಿದ್ದ. ಕೈ ಒರೆಸಿಕೊಂಡು ಬಂದು ಬಾಗಿಲಲ್ಲೇ ನಿಂತ. ಪರೀಕ್ಷಕರು ಎದ್ದು ಕುರ್ಚಿ ತೋರಿಸಿದರು. ತಪ್ಪು ಹೇಗೆ ಗೊತ್ತಾಯಿತು ಎಂದು ಕೇಳಿದರು.

"ದಿನಾ ನೋಡೋದಽ ನನ್ನ ಕೆಲಸರಿ," ಎಂದ ದಸ್ತಗೀರಸಾಬ. "ನೋಡಿದ್ದೆ. ಹೇಳೂದಕ್ಕ ತಡ ಮಾಡಿದೆ."

ಪರೀಕ್ಷಕರು ತಮ್ಮ ಮುಂದಿದ್ದ ಚಹಾದ ಬಟ್ಟಲನ್ನು ಅವನ ಕಡೆ ಸರಿಸಿದರು.

ಈಗ ಅವನಿಗೆ ನಿವೃತ್ತಿಗೆ ಒಂದು ವರ್ಷ ಉಳಿದಿದೆ. ಹಕ್ಕರಕಿಯ ಸುದ್ದಿ ಹೇಗೋ ಇಳಕಲ್ಲಿನ ಓಣಿಯಲ್ಲೆಲ್ಲ ಹಬ್ಬಿ, ಶನಿವಾರ ಅವನು ಬಂದನೆಂದರೆ ಯಾರಾದರೊಬ್ಬರು ಕೇಳಲು ಬರುತ್ತಾರೆ. ಕಳೆದ ತಿಂಗಳು ಶಿವಬಸವ್ವನೇ ಬಂದಿದ್ದಳು. ಅವಳಿಗೂ ಸಕ್ಕರೆ ಬಂದಿದೆಯಂತೆ, ರಸ ಎಷ್ಟು ಕುಡಿಯಬೇಕು ಎಂದು ಕೇಳಿದಳು. ಇಲಿಗಳಿಗೆ ಸ್ವಲ್ಪ ಗುಣ ಕಂಡಿದೆ, ಮನುಷ್ಯರ ಮೇಲೆ ನಾವು ನೋಡಿಲ್ಲ, ನೋಡದ್ದನ್ನು ನಾನು ಹೇಳಲಾರೆ ಎಂದು ದಸ್ತಗೀರಸಾಬ ತಾಳ್ಮೆಯಿಂದ ತಿಳಿಸಿದ. ಸೊಪ್ಪನ್ನು ರೊಟ್ಟಿಯ ಜೊತೆ ತಿನ್ನು, ಗುಳಿಗೆಯನ್ನು ಮಾತ್ರ ಡಾಕ್ಟರು ಹೇಳಿದಂತೆ ನುಂಗು ಎಂದ. ಅವಳು ಅರ್ಧ ನಂಬಿ ಅರ್ಧ ನಂಬದೆ ನಿಂತಿದ್ದಳು. ಜುಲೇಖಾ ಕೈಯಲ್ಲಿದ್ದ ಎಳೆಗಳನ್ನು ಬದಿಗಿಟ್ಟು ಎದ್ದು, ಸೆರಗು ಸರಿಮಾಡಿಕೊಂಡು, ನಡಿ ನಾನೂ ಬರ್ತೇನಿ ಎಂದು ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದಳು.